ಅತ್ತೆಯ ನೈಟಿ

ಫೆಬ್ರವರಿ 3, 2025, ಸೋಮವಾರ

ಅತ್ತೆಯನ್ನು ನಿನ್ನೆ ಚಿತ್ರದುರ್ಗದ ಆಸ್ಪತ್ರೆಯಿಂದ ಹೊಸದುರ್ಗದ ಮನೆಗೆ ಕರೆತಂದೆವು. ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಇಂದಿಗೆ ಇಪ್ಪತ್ತೆರಡು ದಿನ. ಒಳಗೆ ರಾಡು ಹಾಕಿದ್ದಾರೆ. ಏನು ತಿಂದರು, ಎಷ್ಟು ನೀರು ಕುಡಿದರು, ಎಷ್ಟು ಸಲ ಮಗ್ಗುಲು ಬದಲಾಯಿಸಿದಿರಿ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ ಎಂದು ವ್ಯಾಯಾಮ ಹೇಳಿಕೊಡುವ ಹುಡುಗಿ ಹೇಳಿದಳು. ನಮ್ಮ ಮನೆಯವರು ಕೊಬ್ಬರಿ ಮಂಡಿಯಲ್ಲಿ ಕೊಟ್ಟಿದ್ದ ಡೈರಿ ತಂದುಕೊಟ್ಟರು. ಪಿಯುಸಿ ಮುಗಿಸಿದ ಮೇಲೆ ಗಿರಾಕಿಗಳ ಅಳತೆ ಬಿಟ್ಟು ಬೇರೇನೂ ಬರೆದವಳಲ್ಲ ನಾನು.

ಬೆಳಿಗ್ಗೆ ಒಂದೂವರೆ ಇಡ್ಲಿ, ಅರ್ಧ ಲೋಟ ಹಾಲು. ಮಧ್ಯಾಹ್ನ ಮೆತ್ತಗಿನ ಮುದ್ದೆ, ನಾಲ್ಕು ತುತ್ತು. ಮಗ್ಗುಲು ಬದಲಾಯಿಸಿದ್ದು ಐದು ಸಲ. ಸೀರೆ ಒದ್ದೆಯಾಗಿ ಬೇರೆ ಉಡಿಸಿದ್ದು ಮೂರು ಸಲ. ಸೊಂಟ ಎತ್ತಿದರೆ ಕಿರುಚುತ್ತಾರೆ. ಎತ್ತದೆ ಸೀರೆ ಸುತ್ತಲು ಬರುವುದಿಲ್ಲ. ಮೂರನೆಯ ಸಲ ಎದುರುಮನೆಯ ಏಕನಾಥಮ್ಮ ಓಡಿ ಬಂದು ಕಿಟಕಿಯಲ್ಲಿ ನೋಡಿ ಹೋದಳು, ನಾನೇನೋ ಮಾಡುತ್ತಿದ್ದೇನೆ ಎನ್ನುವ ಹಾಗೆ.

ಫೆಬ್ರವರಿ 5, ಬುಧವಾರ

ಅಜ್ಜಿಗೆ ನೈಟಿ ಹಾಕಿ, ನಿಮಗೂ ಸುಲಭ, ಅವರಿಗೂ ಸುಲಭ ಎಂದು ಆಸ್ಪತ್ರೆಯಲ್ಲಿ ನರ್ಸ್ ಹೇಳಿದ್ದಳು. ಇವತ್ತು ಧೈರ್ಯ ಮಾಡಿ ಕೇಳಿದೆ.

"ಅತ್ತೆ, ಒಂದು ನೈಟಿ ಹೊಲ್ಕೊಡ್ತೀನಿ. ಕಾಟನ್ನು. ಮುಂದೆ ಪೂರಾ ಗುಂಡಿ ಇಡ್ತೀನಿ. ಸೊಂಟ ಎತ್ತೋದೇ ಬ್ಯಾಡ."

ಅವರು ಗೋಡೆ ಕಡೆ ಮುಖ ತಿರುಗಿಸಿದರು. "ನಾನು ಸತ್ತ ಮ್ಯಾಲೆ ಹಾಕು."

ಹದಿನಾಲ್ಕು ವರ್ಷದಿಂದ ಪಡಸಾಲೆಯ ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು ನೈಟಿ ಹೊಲಿಯುತ್ತಿದ್ದೇನೆ. ಈ ಬೀದಿಯಲ್ಲಿ ನಾನು ಹೊಲಿದ ನೈಟಿ ಇಲ್ಲದ ಮನೆ ನಮ್ಮದೊಂದೇ. ಹೊಲಿಯಬಹುದು, ಮಾರಬಹುದು, ಹಾಕಿಕೊಳ್ಳುವ ಹಾಗಿಲ್ಲ. ಅದು ಅವರ ಕಾನೂನು.

ಬೆಳಿಗ್ಗೆ ದೋಸೆ ಒಂದು. ನೀರು ಆರು ಲೋಟ. ಬಟ್ಟೆ ಬದಲಾಯಿಸಿದ್ದು ನಾಲ್ಕು ಸಲ.

ಫೆಬ್ರವರಿ 9, ಭಾನುವಾರ

ಹಾಕಿದೆ.

ಬೆಳಿಗ್ಗೆ ಸೀರೆ, ಲಂಗ, ಹಾಸಿಗೆ ಎಲ್ಲವೂ ಕೊಳೆಯಾಗಿತ್ತು. ಇವರನ್ನು ಕೇಳಿದೆ. ಬಾಗಿಲಾಚೆಯೇ ನಿಂತು, "ನೀನು ಹೆಂಗಂತೀಯೋ ಹಂಗೆ ಮಾಡು" ಎಂದರು. ತಾಯಿಯ ವಿಷಯದಲ್ಲಿ ಇವರು ಇಷ್ಟು ಬೇಗ ಒಪ್ಪಿದ್ದು ಇದೇ ಮೊದಲು. ಮೈ ಒರೆಸಿ, ರಾತ್ರಿಯೇ ಹೊಲಿದಿಟ್ಟಿದ್ದ ತಿಳಿ ನೀಲಿ ನೈಟಿಯನ್ನು ಮಗ್ಗುಲು ತಿರುಗಿಸಿ ಮೈ ಕೆಳಗೆ ಹಾಸಿ, ತೋಳು ತೂರಿಸಿ, ಗುಂಡಿ ಹಾಕಿದೆ. ಮೂರೇ ನಿಮಿಷ! ಅವರು ಒಮ್ಮೆಯೂ ಕಿರುಚಲಿಲ್ಲ. ಬಹಳ ಹೊತ್ತು ಎಡಗೈಯನ್ನು ಎದೆಯ ಮೇಲೆ ಆಡಿಸುತ್ತಿದ್ದರು. ನೋವೇನೋ ಎಂದುಕೊಂಡು ಹತ್ತಿರ ಹೋದೆ. ಸೆರಗು ಹುಡುಕುತ್ತಿದ್ದರು.

ಒಂದು ಟವೆಲ್ ತಂದು ಹೊದಿಸಿದೆ.

ಫೆಬ್ರವರಿ 15, ಶನಿವಾರ

ಹೊಲಿಗೆ ಕಡಿಮೆ ಇತ್ತು, ಅತ್ತೆ ಮಲಗಿದ್ದರು, ಬರೆಯೋಣ ಎನ್ನಿಸಿತು.

ನಾನು ಮೊದಲು ನೈಟಿ ನೋಡಿದ್ದು ಹೊಳಲ್ಕೆರೆಯಲ್ಲಿ, ಐದನೆಯ ಕ್ಲಾಸಿನಲ್ಲಿದ್ದಾಗ. ಮಂಗಳೂರು ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಮ್ಯಾನೇಜರ ಹೆಂಡತಿ ಮಹಡಿಯ ಮೇಲೆ ಕೆಂಪು ಹೂವಿನ ಉದ್ದನೆಯ ಅಂಗಿ ಹಾಕಿಕೊಂಡು ಮೆಣಸಿನಕಾಯಿ ಒಣಹಾಕುತ್ತಿದ್ದರು. ನಾವು ಮಕ್ಕಳೆಲ್ಲ ಬೀದಿಯಲ್ಲಿ ಸಾಲಾಗಿ ನಿಂತು ಬಾಯಿಬಿಟ್ಟು ನೋಡಿದೆವು. "ರಾತ್ರಿ ಬಟ್ಟೇಲಿ ಹಗಲು ನಿಂತವ್ಳೆ" ಎಂದು ನಮ್ಮಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಮೂರು ವರ್ಷಕ್ಕೆ ಅದೇ ಅಮ್ಮ ನಮ್ಮ ಅಕ್ಕನ ಬಾಣಂತನಕ್ಕೆ ಎರಡು ನೈಟಿ ಕೊಂಡು ತಂದಳು. ಮಗುವಿಗೆ ಹಾಲು ಕೊಡಲು ಅನುಕೂಲ ಎಂದು ಡಾಕ್ಟರಮ್ಮ ಹೇಳಿದ್ದರಂತೆ.

ಹಾಗೆಯೇ ಬಂತು ಅದು. ಮೊದಲು ಬಾಣಂತಿಯರಿಗೆ, ಆಮೇಲೆ ಮಲಗುವಾಗ ಮಾತ್ರ, ಆಮೇಲೆ ಬೆಳಿಗ್ಗೆ ಹಾಲಿನವನು ಬರುವವರೆಗೆ, ಆಮೇಲೆ ಸ್ನಾನದವರೆಗೆ. ಈಗ ಸ್ನಾನವಾದ ಮೇಲೆ ಮತ್ತೊಂದು ನೈಟಿ. ಹೆಗಲ ಮೇಲೊಂದು ಟವೆಲ್ ಬಿದ್ದರೆ ಅಂಗಡಿಗೂ ಹೋಗಬಹುದು, ನೀರಿನ ಟ್ಯಾಂಕರಿಗೂ ನಿಲ್ಲಬಹುದು, ಮಕ್ಕಳನ್ನು ಸ್ಕೂಲ್ ವ್ಯಾನು ಹತ್ತಿಸಬಹುದು. ಗಂಡಸರು ಆಡಿಕೊಂಡರು. ಯಾರೂ ಬಿಡಲಿಲ್ಲ. ಬಿಡುವುದು ಹೇಗೆ? ಲಂಗದ ಲಾಡಿ ಬಿಗಿದು ಬಿಗಿದು ಸೊಂಟದ ಸುತ್ತ ಕಪ್ಪು ಗೆರೆ ಬಿದ್ದ ಹೆಂಗಸರನ್ನೇ ನಾನು ಅಳತೆ ತೆಗೆಯುವಾಗ ಮುಟ್ಟುವುದು. ಆ ಗೆರೆ ಕೆರೆಯುತ್ತದೆ, ಬೇಸಿಗೆಯಲ್ಲಿ ಹುಣ್ಣಾಗುತ್ತದೆ. ನೈಟಿಗೆ ಲಾಡಿ ಇಲ್ಲ. ನಾನು ಎಲ್ಲದಕ್ಕೂ ಕೇಳದೆಯೇ ಒಂದು ಜೇಬು ಇಡುತ್ತೇನೆ. ಸೀರೆ ಉಟ್ಟ ಹೆಂಗಸಿಗೆ ತನ್ನದು ಅಂತ ಒಂದು ಜೇಬಿರುವುದಿಲ್ಲ.

ನಾನು ಮದುವೆಯಾಗಿ ಬರುವಾಗ ಎರಡು ನೈಟಿ ತಂದಿದ್ದೆ. ಮೂರನೆಯ ದಿನ ಬೆಳಿಗ್ಗೆ ತಂತಿಯ ಮೇಲೆ ಒಣಹಾಕಿದ್ದವನ್ನು ಅತ್ತೆ ಎಳೆದುಕೊಂಡು ಹೋದರು. ಹರಿದು ನಾಲ್ಕು ತುಂಡು ಮಾಡಿದರು. "ನೆಲ ಒರಸಾಕೆ ಚೆನ್ನಾಗೈತೆ, ನೀರು ಹೀರ್ತೈತೆ" ಎಂದು ನನ್ನ ಕೈಗೇ ಕೊಟ್ಟರು. ಇಡೀ ಪಡಸಾಲೆ ಒರೆಸಿದೆ. ನನಗಾಗ ಇಪ್ಪತ್ತಮೂರು ವರ್ಷ. ಈಗ ನಲವತ್ತೈದು. ನನ್ನ ಸೊಂಟದಲ್ಲೂ ಆ ಗೆರೆ ಇದೆ.

ಇದನ್ನೆಲ್ಲ ಯಾಕೆ ಬರೆದೆನೋ. ಹಾಲು ಎರಡು ಲೋಟ, ನೀರು ಐದು.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಅತ್ತೆ ಲಿಂಗಪೂಜೆಗೆ ಸೀರೆ ಕೇಳಿದರು. ಇಷ್ಟು ದಿನ ಟವೆಲನ್ನೇ ತಲೆಯ ಮೇಲೆ ಹೊದ್ದು ಮಾಡುತ್ತಿದ್ದವರು ಇವತ್ತು ಆಗುವುದಿಲ್ಲ ಎಂದು ಹಟ ಹಿಡಿದರು.

"ಇವತ್ತೊಂದಿನ ಉಡ್ಸೇ ಶರಣಿ. ಸೆರಗಿಲ್ದೆ ಹೆಂಗೆ ಶಿವನ ಮುಂದೆ ಕುಂದ್ರಲಿ?"

"ಶಿವ ನಿಮ್ಮನ್ನ ಆಸ್ಪತ್ರೇಲಿ ಹಸಿರು ಗೌನಲ್ಲೂ ನೋಡವ್ನೆ ಬಿಡ್ರಿ," ಎಂದೆ. ನಗಿಸಲಿಕ್ಕೆ ಎಂದು ಹೇಳಿದ್ದು. ಅವರು ನಗಲಿಲ್ಲ. ಪೂಜೆ ಮಾಡಲಿಲ್ಲ. ಹೇಗಿದ್ದರೂ ಉಪವಾಸವೇ.

ಮಾರ್ಚ್ 8, ಶನಿವಾರ

ಹಾಸಿಗೆಯ ಮೇಲೆ ಹಾಸಲು ಬಟ್ಟೆ ಸಾಲುತ್ತಿಲ್ಲ. ಅಂಗಡಿಯ ಪ್ಯಾಡುಗಳಿಂದ ಅವರ ಬೆನ್ನು ಕೆಂಪಾಗುತ್ತಿದೆ. ಹಳೆಯ ಸೀರೆಯಷ್ಟು ಮೆತ್ತಗಿನದು ಬೇರೆ ಯಾವುದಿದೆ? ಬೀರುವಿನಿಂದ ಅವರ ಹತ್ತು ಸೀರೆ ತೆಗೆದು ಮಂಚದ ಪಕ್ಕದಲ್ಲೇ ಕುಳಿತು ಚೌಕ ಚೌಕ ಕತ್ತರಿಸಿದೆ. ಒಂದೊಂದರಲ್ಲಿ ಎಂಟು ಬಂದವು. ಅವರು ನೋಡುತ್ತಿದ್ದರು.

"ಅದು ನಿನ್ನ ಮಗಳು ಹುಟ್ಟಿದಾಗ ಉಟ್ಟಿದ್ದು," ಎಂದರು ಒಂದನ್ನು ತೋರಿಸಿ.

"ಬಣ್ಣ ಹೋಗೈತಲ್ಲ ಅತ್ತೆ."

ಅವರ ಬೆನ್ನಿಗೇ ಅನುಕೂಲವಾಗಲಿ ಎಂದು ಮಾಡಿದ್ದು. ಡಾಕ್ಟರು ಕೂಡ ಹಳೆ ಹತ್ತಿ ಬಟ್ಟೆ ಒಳ್ಳೆಯದು ಎಂದಿದ್ದಾರೆ.

ಈಗ ನಾನೂ ನೈಟಿ ಹಾಕುತ್ತಿದ್ದೇನೆ. ಒಂದು ವಾರವಾಯಿತು. ಇವರು ನೋಡಿಯೂ ನೋಡದ ಹಾಗೆ ಇದ್ದರು. ಲಾಡಿಯ ಗೆರೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ. ಉರಿ ಕಡಿಮೆಯಾಗಿದೆ.

ಮಾರ್ಚ್ 12, ಬುಧವಾರ

ಸಂಜೆ ಐದರ ಮೇಲೆ ನೀರು ಕೊಡುವುದು ನಿಲ್ಲಿಸಿದ್ದೇನೆ. ರಾತ್ರಿ ಒದ್ದೆ ಮಾಡುವುದು ತಪ್ಪುತ್ತದೆ. ನೀರು: ಮೂರು ಲೋಟ.

ಮಾರ್ಚ್ 19, ಬುಧವಾರ

ಇವತ್ತು ಕೈ ಸ್ವಲ್ಪ ಮುಂದಾಯಿತು. ಜೋರಾಗಿ ಏನೂ ಅಲ್ಲ. ಆಗಷ್ಟೇ ಬದಲಾಯಿಸಿದ್ದೆ, ಮತ್ತೆ ಮಾಡಿಕೊಂಡರು. ನೀರು: ಎರಡು ಲೋಟ.

ಮಾರ್ಚ್ 20, ಗುರುವಾರ

ಕೆನ್ನೆಯ ಮೇಲೆ ಗುರುತೇನೂ ಇಲ್ಲ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿಗೆಂದು ಮಗಳು ಕಾವ್ಯ ಸಿರಿಗೆರೆಯ ಹಾಸ್ಟೆಲಿನಿಂದ ಬಂದಿದ್ದಳು. ಹೋಳಿಗೆ ತಿಂದು, ನನ್ನ ನೈಟಿ ನೋಡಿ, "ಅಮ್ಮ, ಸೂಪರ್" ಎಂದು ತಬ್ಬಿಕೊಂಡಳು. ಸಂಜೆಯ ಹೊತ್ತಿಗೆ ಮುಖ ಗಂಟು ಹಾಕಿಕೊಂಡಿದ್ದಳು.

"ಅಜ್ಜಿ ನೀರು ಕೇಳಿದ್ರೆ ಯಾಕಮ್ಮ ಕೊಡಲ್ಲ?"

"ರಾತ್ರಿ ಎದ್ದು ಬಟ್ಟೆ ತೆಗೆಯೋಳು ನೀನಲ್ವಲ್ಲ."

ಅವಳು ಅಜ್ಜಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತೆಗೆದಾಗ ಅತ್ತೆ ಸೀರೆಯಲ್ಲಿದ್ದರು. ಬೀರುವಿನಲ್ಲಿ ಉಳಿದಿದ್ದ ನಾಲ್ಕರಲ್ಲಿ ಒಂದು, ಕಂದು ಅಂಚಿನದು. ನೆರಿಗೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ತಲೆ ಬಾಚಿದ್ದಳು, ವಿಭೂತಿ ಹಚ್ಚಿದ್ದಳು. ವ್ಯಾಯಾಮದ ಹುಡುಗಿ ನಡೆಸಲು ತಂದಿಟ್ಟಿದ್ದ ವಾಕರ್ ಹಿಡಿಸಿಕೊಂಡು, ಅಪ್ಪನನ್ನೂ ಕರೆದು, ಇಬ್ಬರೂ ಅವರನ್ನು ಬೀದಿ ಜಗಲಿಯ ಮೇಲೆ ಕೂರಿಸಿದರು. ಎರಡೂವರೆ ತಿಂಗಳ ಮೇಲೆ! ಏಕನಾಥಮ್ಮ ಬಂದಳು. ಹಿಂದೆ ನಮ್ಮ ತೆಂಗಿನ ತೋಟದ ಕೆಲಸಕ್ಕೆ ಬರುತ್ತಿದ್ದ ಓಬಕ್ಕ ಕೋಲೂರಿಕೊಂಡು ಬಂದಳು. ದೀಪ ಹಚ್ಚುವವರೆಗೂ ಅವರ ಮಾತು. ಅತ್ತೆ ಜೋರಾಗಿ ನಕ್ಕಿದ್ದು ಒಳಗೆ ಮಿಷನ್ ಹತ್ತಿರ ಕುಳಿತಿದ್ದ ನನಗೆ ಕೇಳಿಸಿತು.

"ಉಡ್ಸೋಕೆ ಎಷ್ಟೊತ್ತು ಹಿಡೀತು ಹೇಳು," ಎಂದಳು ಕಾವ್ಯ. "ಒಂದು ಸೀರಿಯಲ್ ಮುಗಿಯೋವಷ್ಟೊತ್ತು."

ಒಂದು ದಿನ ಉಡಿಸುವುದು ಯಾರಿಗೂ ಸುಲಭ. ಇವತ್ತು ಬೆಳಿಗ್ಗೆ ಅವಳು ಬಸ್ಸು ಹತ್ತಿ ಹೋದಳು. ಆ ಸೀರೆ ತೊಳೆದು ಒಣಹಾಕುವವಳು ನಾನು. ಅತ್ತೆಗೆ ಮತ್ತೆ ನೈಟಿ ಹಾಕಿದೆ.

ಏಪ್ರಿಲ್ 7, ಸೋಮವಾರ

ಓಬಕ್ಕ ಬಂದು ಬಾಗಿಲಲ್ಲಿ ನಿಂತಳು. "ನಿಮ್ಮತ್ತೇನ ಒಂದೀಟು ಹೊರಗೆ ಕೂರ್ಸವ್ವ. ಮಾತಾಡಿ ಹೋಗ್ತೀನಿ."

"ಹೊರಗೆ ಗಾಳಿ ಐತೆ. ಇನ್ನೊಂದಿನ ಬಾ."

"ಹಂಗಾರೆ ನಾನೇ ಒಳಕ್ಕೆ ಬರ್ತೀನಿ."

"ಈಗಷ್ಟೇ ಒರಸಿದೀನಿ ಓಬಕ್ಕ, ನೆಲ ಹಸಿ ಐತೆ. ನಮ್ಮನೇಲಿ ಒಂದು ಪದ್ಧತಿ ಅಂತ ಐತೆ. ಬಂದಾಗೆಲ್ಲ ನುಗ್ಗಂಗಿಲ್ಲ."

"ಅಯ್ಯೋ ಶಿವನೇ, ಥೇಟ್ ನಿಮ್ಮತ್ತೆ ಮಾತಾಡ್ದಂಗೇ ಆತು ನೋಡು," ಎಂದು ನಕ್ಕು ಹೊರಟಳು.

ಮುದುಕಿಗೆ ಏನು ಮಾತಾಡಬೇಕೆಂಬುದೇ ಗೊತ್ತಿಲ್ಲ.

ವಾಕರನ್ನು ಪಡಸಾಲೆಗೆ ತಂದಿಟ್ಟಿದ್ದೇನೆ. ಹಾಸಿಗೆಯ ಪಕ್ಕದಲ್ಲಿದ್ದರೆ ಯಾರೂ ಇಲ್ಲದಾಗ ಎದ್ದು ಬಿದ್ದುಬಿಡುತ್ತಾರೆ. ವ್ಯಾಯಾಮದ ಹುಡುಗಿಗೆ ಇನ್ನು ಬರುವುದು ಬೇಡವೆಂದು ಫೋನಿನಲ್ಲಿ ಹೇಳಿದೆ. ಅವಳು ನಡೆಸಿ ಹೋದ ದಿನವೆಲ್ಲ ಅತ್ತೆ ಏಳಬೇಕು ಏಳಬೇಕು ಎನ್ನುತ್ತಾರೆ.

ಏಪ್ರಿಲ್ 22, ಮಂಗಳವಾರ

ಬೆಳಿಗ್ಗೆ ಅತ್ತೆಯ ತಮ್ಮ, ಹಿರಿಯೂರಿನ ತಿಪ್ಪೇರುದ್ರಪ್ಪ ಮಾವ ಬಂದಿದ್ದರು. ಅತ್ತೆ ಮಲಗಿದ್ದರು. ಪಪ್ಪಾಯಿ ಕೊಟ್ಟು ಹೋದರು. ಅವರು ಹೋದ ಮೇಲೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅತ್ತೆ ಒಬ್ಬರೇ ಎದ್ದು ನಡೆದಿದ್ದಾರೆ. ಬೀದಿ ಬಾಗಿಲಲ್ಲಿ ಬಿದ್ದು ಮೆಟ್ಟಿಲ ಕಲ್ಲು ತಲೆಗೆ ತಾಗಿದೆ. ಪ್ರಜ್ಞೆ ಇಲ್ಲ. ಚಿತ್ರದುರ್ಗಕ್ಕೆ ಕರೆತಂದಿದ್ದೇವೆ. ಇಲ್ಲಿ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಚೀಟಿ ಬರೆಯಲು ಡೈರಿ ಕೈಚೀಲದಲ್ಲೇ ಇತ್ತು. ಯಾಕೆ ಎದ್ದರೋ.

ಏಪ್ರಿಲ್ 24, ಗುರುವಾರ

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅತ್ತೆ ಹೋದರು.

ಮೇ 5, ಸೋಮವಾರ

ಅತ್ತೆಯ ಶಿವಗಣಾರಾಧನೆ ಮುಗಿಯಿತು. ನೂರಾರು ಜನ ಉಂಡರು. "ಹೆತ್ತ ಮಗಳೂ ಇಷ್ಟು ನೋಡ್ಕಣಲ್ಲ," ಎಂದು ಎಲ್ಲರೂ ನನಗೇ ಹೇಳಿದರು. ಇವರ ದೊಡ್ಡಮ್ಮ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ಮೂರು ತಿಂಗ್ಳು ಹೇಲು ಉಚ್ಚೆ ಬಾಚಿದೀಯ. ನಿನ್ನ ಪುಣ್ಯ ದೊಡ್ಡದು ಶರಣಮ್ಮ."

ತಿಪ್ಪೇರುದ್ರಪ್ಪ ಮಾವ ಪಂಕ್ತಿಯಲ್ಲಿ ಕುಳಿತಿದ್ದರು. ನಾನು ಪಾಯಸ ಬಡಿಸುತ್ತಾ ಬಂದೆ. ಅವರ ಎಲೆಯ ಹತ್ತಿರ ಬಂದಾಗ ಸೌಟು ಪಕ್ಕದವಳ ಕೈಗೆ ಕೊಟ್ಟು ಒಳಗೆ ಹೋದೆ.

ಸುಸ್ತು.

ಮೇ 11, ಭಾನುವಾರ

ಕಾವ್ಯ ಬಂದಿದ್ದಳು. ಊಟ ಮಾಡುತ್ತಾ ಮಾಡುತ್ತಾ ಕೇಳಿದಳು.

"ಅಮ್ಮ, ಅಜ್ಜಿ ಬಿದ್ದಾಗ ನೀನೆಲ್ಲಿದ್ದೆ?"

"ಹಿತ್ತಲಲ್ಲಿ. ಎಷ್ಟು ಸಲ ಹೇಳ್ಲಿ."

"ಎದುರುಮನೆ ಆಂಟಿ ಮಿಷನ್ ಸದ್ದು ಕೇಳ್ತಿತ್ತು ಅಂದ್ರು. ಅಜ್ಜಿ ಬಿದ್ದ ಸದ್ದಾದ ಮೇಲೂ ಸ್ವಲ್ಪ ಹೊತ್ತು ಕೇಳ್ತಿತ್ತಂತೆ."

"ಅವಳ ಮನೇಲಿ ಯಾವಾಗ್ಲೂ ಟೀವಿ ಕೂಗ್ತಿರುತ್ತೆ. ಅವಳಿಗೇನು ಕೇಳ್ತೈತೆ?"

ಕಾವ್ಯ ತಟ್ಟೆ ತೊಳೆದಿಟ್ಟು ನಾಲ್ಕು ಗಂಟೆಯ ಬಸ್ಸಿಗೇ ಹೊರಟಳು. ಆರರ ಬಸ್ಸಿಗೆ ಹೋಗುವವಳು ಅವಳು.

ಮೇ 17, ಶನಿವಾರ

ಏಪ್ರಿಲ್ 22ರಂದು ಬರೆದದ್ದನ್ನು ಇವತ್ತು ಓದಿದೆ. ಅದು ಸುಳ್ಳು. ನಾನೊಬ್ಬಳೇ ಓದುವ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ.

ಆ ದಿನ ಬೆಳಿಗ್ಗೆಯೇ ಮಾವ ಫೋನು ಮಾಡಿದ್ದರು, ಹನ್ನೊಂದಕ್ಕೆ ಬರುತ್ತೇನೆ, ಮತ್ತೆ ಹನ್ನೆರಡಕ್ಕೆ ಬಸ್ಸು ಎಂದು. ಅತ್ತೆಗೆ ಕೇಳಿಸಿತು. ಆಗಿನಿಂದ ಶುರು.

"ಶರಣಿ, ಸೀರೆ ಉಡ್ಸು. ತಿಪ್ಪೇಶಿ ಬರ್ತಾನೆ."

"ಎಲ್ಲಾ ಹರಿದು ಹಾಸಿಗೆಗೆ ಹಾಕಾಗೈತೆ. ಎಲ್ಲಿಂದ ತರ್ಲಿ?"

ಬೀರುವಿನಲ್ಲಿ ನಾಲ್ಕು ಇದ್ದವು. ಅದು ಅವರಿಗೂ ಗೊತ್ತಿತ್ತು. ಕಾವ್ಯ ಉಡಿಸಿದ್ದನ್ನು ಅವರು ಮರೆತಿರಲಿಲ್ಲ.

"ಅವನು ನನ್ನ ಕೈಯಾಗೆ ಬೆಳೆದ ಹುಡುಗ ಕಣೇ. ಅವನ ಮುಂದೆ ಹಿಂಗೆ..." ಎಂದು ನೈಟಿಯ ಎದೆಯನ್ನು ಹಿಡಿದು ತೋರಿಸಿದರು.

"ನೋಡ್ಲಿ ಬಿಡ್ರಿ. ನೈಟಿ ಹಾಕ್ಕಂಡೋರೆಲ್ಲ ಮರ್ಯಾದೆ ಇಲ್ದೋರಾ?"

ಅವರು ಎರಡೂ ಕೈ ಜೋಡಿಸಿದರು. "ಕೈ ಮುಗೀತೀನಿ."

ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಕೈ ಮುಗಿದಿದ್ದು ಅದೊಂದೇ ಸಲ. ನನಗೆ ಆಗ ಅನ್ನಿಸಿದ್ದನ್ನು ಬರೆಯಲೇಬೇಕು. ಸಂತೋಷವಾಯಿತು. ನಾನು ಹೊರಗೆ ಬಂದು ಮಿಷನ್ ಮುಂದೆ ಕುಳಿತೆ.

ಮಾವ ಬಂದಾಗ ಎದ್ದು ಬಾಗಿಲಿಗೆ ಹೋದೆ. ಒಳಗೆ ಕರೆಯಬೇಕೆಂದೇ ಹೋದೆ. ಅವರ ಮುಖ ನೋಡಿದೊಡನೆ ಭಯವಾಯಿತು. ಅವರು ಮಂಚದ ಹತ್ತಿರ ಕುಳಿತರೆ ಅತ್ತೆ ಎಲ್ಲ ಹೇಳುತ್ತಾರೆ. ನೀರಿನ ವಿಷಯ, ಕೆನ್ನೆಯ ವಿಷಯ. ಹೊಡೆದದ್ದು ಒಂದು ಸಲ ಎನ್ನುವ ಹಾಗೆ ಮಾರ್ಚಿನಲ್ಲಿ ಬರೆದಿದ್ದೇನೆ. ಒಂದೇ ಸಲ ಅಲ್ಲ.

"ಈಗಷ್ಟೇ ಮಲಗವ್ರೆ ಮಾವ. ಮಾತ್ರೆ ಕೊಟ್ಟಿದೀನಿ, ಎಚ್ಚರ ಆಗಲ್ಲ."

"ಹೌದೇನವ್ವ? ಕುಂತ್ಕಂಡು ಕಾಯ್ತೀನಿ ಬಿಡು."

"ಸಂಜೆಗಂಟ ಏಳಲ್ಲ. ನಿಮಗೆ ಬಸ್ಸು ತಪ್ಪುತ್ತೆ."

ಮಾವನಿಗೆ ಕಿವಿ ಮಂದ. ನಾನು ಜೋರಾಗಿಯೇ ಹೇಳಬೇಕಿತ್ತು. ಕೋಣೆಯಲ್ಲಿ ಅತ್ತೆಗೆ ಒಂದೊಂದು ಮಾತೂ ಕೇಳಿಸಿರುತ್ತದೆ. ಮಾವ ಪಪ್ಪಾಯಿ ಕೊಟ್ಟು ಮೆಟ್ಟಿಲಿಳಿದರು. ಒಳಗಿನಿಂದ "ತಿಪ್ಪೇಶಿ" ಎಂದು ಕರೆದದ್ದು ಕೇಳಿಸಿತು. ನಾನು ಹೋಗಿ ಕುಳಿತು ಮಿಷನ್ ತುಳಿಯತೊಡಗಿದೆ. ಸದ್ದಾಗಲಿ ಎಂದೇ ಜೋರಾಗಿ ತುಳಿದೆ.

ಅತ್ತೆ ಕೋಣೆಯಿಂದ ಹೊರಗೆ ಬಂದರು. ವಾಕರ್ ಇಲ್ಲ. ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತಾ. ಮೈಮೇಲೆ ನೈಟಿಯೊಂದೇ, ಟವೆಲ್ ಕೂಡ ಇಲ್ಲ. ನನ್ನ ಮಿಷನ್ ಮುಂದೆಯೇ ಹಾದು ಹೋದರು. ನನ್ನ ಕಡೆ ನೋಡಲಿಲ್ಲ. ಸೆರಗಿಲ್ಲದೆ ಶಿವನ ಮುಂದೆ ಕೂರದವರು ಬೀದಿ ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತರು. ಸ್ವಲ್ಪ ಹೊತ್ತು ನಿಂತೇ ಇದ್ದರು. ಮತ್ತೆ ಚೌಕಟ್ಟು ಬಿಟ್ಟು ಬಲಗೈ ಮೇಲೆತ್ತಿದರು. ಇನ್ನೂ ಮೇಲೆ ಹಿಡಿದುಕೊಳ್ಳಲು ಎಂದುಕೊಂಡೆ. ಹಿಡಿಯಲಿಲ್ಲ. ಹಾಗೆಯೇ ಹೊರಗೆ ಬಿದ್ದರು.

ನನ್ನಿಂದ ನಾಲ್ಕು ಹೆಜ್ಜೆ. ಅವರು ಚೌಕಟ್ಟು ಹಿಡಿದು ನಿಂತಾಗಲೇ ಎದ್ದಿದ್ದರೆ ಹಿಡಿದುಕೊಳ್ಳಬಹುದಿತ್ತು. ಬಿದ್ದ ಮೇಲೂ ನಾನು ತಕ್ಷಣ ಏಳಲಿಲ್ಲ. ಹೊಲಿಗೆಯ ಕೊನೆಯವರೆಗೆ ತುಳಿದೆ. ದಾರ ಕತ್ತರಿಸಿದೆ. ಆಮೇಲೆ ಎದ್ದೆ.

ಮೇ 21, ಬುಧವಾರ

ಹಿರಿಯೂರಿಗೆ ಹೋಗಿ ಬಂದೆ. ಬಟ್ಟೆ ತರಲು ಹೋಗುತ್ತೇನೆ ಎಂದು ಇವರಿಗೆ ಹೇಳಿದ್ದೆ. ಬಸ್ಸು ಮಾರಿಕಣಿವೆ ಅಣೆಕಟ್ಟು ದಾಟುವವರೆಗೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಬಸ್ಸಿಳಿದ ಮೇಲೆ ಒಂದೂ ನೆನಪಿರಲಿಲ್ಲ.

ಮಾವ ಮನೆಯ ಮುಂದೆ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನನ್ನನ್ನು ನೋಡಿ ಏಳಲು ಹೋದರು. "ಬಾರವ್ವ, ಬಾ. ಬಿಸಿಲಾಗೆ ಬಂದೀಯಲ್ಲ." ಅವರ ಸೊಸೆ ನೀರು ತಂದುಕೊಟ್ಟು, ಟೀ ಇಡಲು ಒಳಗೆ ಹೋದಳು.

"ಮಾವ, ಅವತ್ತು ನೀವು ಬಂದಿದ್ರಲ್ಲ..."

"ಅದನ್ನೇ ದಿನಾ ನೆನೀತೀನಿ ಕಣವ್ವ," ಎಂದರು ಅವರು, ನನ್ನ ಮಾತು ಮುಗಿಯುವ ಮೊದಲೇ. "ನಮ್ಮಕ್ಕನ ಮುಖ ನೋಡ್ದಂಗೆ ಬಂದುಬಿಟ್ಟೆ. ಎಬ್ಬಿಸು ಅಂತ ಹೇಳಬೇಕಾಗಿತ್ತು. ಬಸ್ಸು ಹೋದ್ರೆ ಹೋಗ್ಲಿ ಅನ್ನಬೇಕಾಗಿತ್ತು. ಬೇಜಾರು ಮಾಡ್ಕಂಡೇ ಹೋಗ್ತಿದ್ದೆ. ಬೀದಿ ತಿರುವಿನಾಗೆ ಯಾಕೋ ತಿರುಗಿ ನೋಡ್ದೆ. ನೀನು ಬಾಗ್ಲಿಗೆ ಬಂದು ನಿಂತಿದ್ದೆ. ಮುದುಕ ಬಿಸಿಲಾಗೆ ಹೋಗ್ತವ್ನೆ ಅಂತ ನೋಡ್ತಾ ನಿಂತವ್ಳಲ್ಲ ಅಂತ ಸಮಾಧಾನ ಆತು. ಕೈ ಎತ್ತಿ, ಹೋಗಿ ಬರ್ತೀನಿ ಅಂದೆ. ನೀನೂ ಕೈ ಎತ್ತಿದ್ದು ನೋಡ್ಕಂಡು ತಿರುವು ದಾಟ್ದೆ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ನಾನಂತ ಹೆಂಗೆ ಗೊತ್ತಾತು ಮಾವ?"

"ಕಣ್ಣು ಅಷ್ಟು ದೂರ ಕಾಣಲ್ಲ ಬಿಡು. ನೈಟಿ ಕಾಣ್ತು. ನೀನೇ ಅಲ್ವಾ ಆ ಮನೇಲಿ ನೈಟಿ ಹಾಕೋಳು?"

ಒಳಗೆ ಅವರ ಸೊಸೆ ಟೀ ಸೋಸುವ ಸದ್ದು ಕೇಳಿಸುತ್ತಿತ್ತು. ಹೌದು ಮಾವ ಎಂದು ಒಂದು ಮಾತು ಹೇಳಿ ಟೀ ಕುಡಿದು ಎದ್ದು ಬರಬಹುದಿತ್ತು. ಅವರಿಗೂ ನೆಮ್ಮದಿ, ನನಗೂ. ಬಾಯಿಗೆ ಬಂದಿತ್ತು.

"ಮಾವ, ಅದು ನಾನಲ್ಲ," ಎಂದೆ. "ನಾನು ಒಳಗೆ ಮಿಷನ್ ಮುಂದೆ ಕುಂತಿದ್ದೆ. ಅತ್ತೆ ಮಲಗಿರ್ಲಿಲ್ಲ. ಮಲಗವ್ರೆ ಅಂತ ನಾನು ಸುಳ್ಳು ಹೇಳ್ದೆ."

ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಜೋರಾಗಿ ಮತ್ತೊಮ್ಮೆ ಹೇಳಿದೆ. ಸೊಸೆ ಟೀ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಉಳಿದದ್ದನ್ನೂ ಹೇಳಿದೆ, ನೀರು, ಹೊಡೆತ, ಸೀರೆ, ಒಂದೂ ಬಿಡದೆ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ. ಮಾವ ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡಿದರು.

"ಕೈ ಎತ್ತಿದ್ಲಲ್ಲವ್ವ," ಎಂದರು.